ಪಾಲ್ ಗಾಲ್ವಿನ್

ಪಾಲ್ ವಿನ್ಸೆಂಟ್ ಗಾಲ್ವಿನ್ (ಜೂನ್ 29, 1895 – ನವೆಂಬರ್ 5, 1959) ಅಮೆರಿಕದ ಉದ್ಯಮಿ. ಮುಂದೆ ಮೋಟೊರೋಲಾ ಎಂದು ಹೆಸರಾದ ಸಂಸ್ಥೆಯ ಸ್ಥಾಪಕರಲ್ಲಿ ಮುಖ್ಯರು. ಕಾರಿನಲ್ಲಿ ಕೂಡಿಸಬಹುದಾದ, ಮಧ್ಯಮ ವರ್ಗದವರ ಕೈಗೆ ಎಟುಕುವ ರೇಡಿಯೊವನ್ನು 1930ರಲ್ಲಿ ಮಾರುಕಟ್ಟೆಗೆ ತಂದ ಕೀರ್ತಿ ಇವರದು. ಇವರು ಕಾರ್ ರೇಡಿಯೊದ ಸಂಶೋಧಕರೆಂದು ಹಲವೆಡೆ ಬರೆಯಲಾಗಿದೆ, ಅದು ಸರಿಯಲ್ಲ. ಇವರಿಗಿಂತ ಮೊದಲೇ ಕಾರುಗಳಲ್ಲಿ ರೇಡಿಯೊ ಇತ್ತು. ಆದರೆ ಎಂಜಿನ್ನು ಚಾಲೂ ಆದೊಡನೆ ಹಾಡು ಅಡಗಿ ಬರೀ ಗೊರಗೊರ ಸದ್ದು ಕೇಳಿಬರುತ್ತಿದ್ದ ಕಾಲದಲ್ಲಿ, ಆ ಸದ್ದನ್ನು ಒಂದೊಂದಾಗಿ ಬೆನ್ನಟ್ಟಿ ಅಡಗಿಸುವ ಕೆಲಸಕ್ಕೆ ತಮ್ಮ ಪುಟ್ಟ ಕಾರ್ಖಾನೆಯ ಅಳಿವು ಉಳಿವನ್ನೇ ಪಣವಾಗಿಟ್ಟವರು ಇವರು.

ಬಾಲ್ಯ ಮತ್ತು ಶಿಕ್ಷಣ

ಗಾಲ್ವಿನ್ ಹುಟ್ಟಿದ್ದು ಇಲಿನಾಯ್ ರಾಜ್ಯದ ಹಾರ್ವರ್ಡ್ ಎಂಬ ಸಣ್ಣ ಊರಿನಲ್ಲಿ. ಹೆಸರಾಂತ ವಿಶ್ವವಿದ್ಯಾಲಯಕ್ಕೂ ಈ ಊರಿಗೂ ಸಂಬಂಧವಿಲ್ಲ. ಹೈನುಗಾರಿಕೆಯ ಸೀಮೆಯಲ್ಲಿದ್ದ ಹಾರ್ವರ್ಡ್ ರೈಲು ನಿಲ್ದಾಣವೂ ಆಗಿತ್ತು. ರೈಲು ನಿಂತಾಗ ಪ್ರಯಾಣಿಕರಿಗೆ ಪಾಪ್‌ಕಾರ್ನ್ ಮಾರುವುದು ಅಲ್ಲಿನ ಹುಡುಗರ ರೂಢಿ. ಬಾಲಕ ಪಾಲ್ ಕೂಡ ಅವರಲ್ಲೊಬ್ಬ. ಇವರ ವ್ಯಾಪಾರ ಬುದ್ಧಿಯ ಮೊದಲ ಪಾಠಶಾಲೆ ಆ ರೈಲು ಕಟ್ಟೆ ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು ಎರಡು ವರ್ಷ ಓದಿದರೂ ಪದವಿ ಪೂರೈಸಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೇನೆಯ ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದರು. 1920ರಲ್ಲಿ ಲಿಲಿಯನ್ ಅವರನ್ನು ವಿವಾಹವಾದರು. 1922ರಲ್ಲಿ ಇವರ ಮಗ ರಾಬರ್ಟ್ ಜನಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಗಾಲ್ವಿನ್ ಎಂಜಿನಿಯರ್ ಆಗಿರಲಿಲ್ಲ. ವಿದ್ಯುತ್ತಿನ ಸೂಕ್ಷ್ಮಗಳನ್ನು ಬಲ್ಲವರನ್ನು ಹುಡುಕಿ, ನಂಬಿ, ಅವರಿಗೆ ಕೆಲಸ ಒಪ್ಪಿಸುವುದೇ ಇವರ ಶಕ್ತಿಯಾಗಿತ್ತು.

ಎರಡು ಸೋಲುಗಳು

1921ರಲ್ಲಿ ಗೆಳೆಯ ಎಡ್ವರ್ಡ್ ಸ್ಟೂವರ್ಟ್ ಅವರೊಡಗೂಡಿ ವಿಸ್ಕಾನ್ಸಿನ್ ರಾಜ್ಯದ ಮಾರ್ಶ್‌ಫೀಲ್ಡ್‌ನಲ್ಲಿ ಬ್ಯಾಟರಿ ತಯಾರಿಕೆಯ ಉದ್ಯಮ ಆರಂಭಿಸಿದರು. ಬ್ಯಾಟರಿ ಎಂದರೆ ಸೀಸ. ಸೀಸ ಎಂದರೆ ಭಾರ. ದೊಡ್ಡ ಪಟ್ಟಣಗಳಿಂದ ದೂರವಿದ್ದ ಊರಿನಿಂದ ಸರಕು ಸಾಗಿಸುವ ವೆಚ್ಚವೇ ಲಾಭವನ್ನು ನುಂಗಿಹಾಕಿತು. 1923ರಲ್ಲಿ ಉದ್ಯಮ ಮುಚ್ಚಿತು. ಕುಟುಂಬದೊಡನೆ ಷಿಕಾಗೊ ಸೇರಿದ ಗಾಲ್ವಿನ್ ಅಲ್ಲಿ ಮಿಠಾಯಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು.

1926ರಲ್ಲಿ ಸ್ಟೂವರ್ಟ್ ಮತ್ತೆ ಕರೆದರು. ಈ ಸಲದ ಕಾರ್ಖಾನೆ ಷಿಕಾಗೊದಲ್ಲೇ ಇತ್ತು. ಅದೂ ಎರಡು ವರ್ಷ ಮೀರಲಿಲ್ಲ. ಆದರೆ ಈ ಸೋಲಿನಲ್ಲಿ ಉಳಿಸಿಕೊಳ್ಳತಕ್ಕ ಒಂದು ವಸ್ತುವಿತ್ತು. ಅದನ್ನು ಬ್ಯಾಟರಿ ಎಲಿಮಿನೇಟರ್ ಎನ್ನುತ್ತಿದ್ದರು. ಆಗ ಮನೆಯ ರೇಡಿಯೊಗಳು ಬ್ಯಾಟರಿಯಿಂದಲೇ ನಡೆಯುತ್ತಿದ್ದವು. ಮನೆಗೆ ಬರುವ ವಿದ್ಯುತ್ತನ್ನು ಮಾರ್ಪಡಿಸಿ ಅಂಥ ರೇಡಿಯೊಗೆ ಉಣಿಸಿ ಬ್ಯಾಟರಿಯ ಗೊಡವೆಯನ್ನೇ ತಪ್ಪಿಸುವ ಪೆಟ್ಟಿಗೆ ಇದು. ಹರಾಜಿಗೆ ಬಂದ ಆ ವಿಭಾಗವನ್ನು ಪಾಲ್ ಮತ್ತು ಅವರ ತಮ್ಮ ಜೋಸೆಫ್ 750 ಡಾಲರಿಗೆ ಕೂಗಿ ಪಡೆದರು. 1928ರ ಸೆಪ್ಟೆಂಬರ್ 25ರಂದು ಷಿಕಾಗೊದ ಹ್ಯಾರಿಸನ್ ಬೀದಿಯ ಬಾಡಿಗೆಯ ಕಟ್ಟಡದಲ್ಲಿ ಗಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ ಜನ್ಮ ತಾಳಿತು. ಕೈಯಲ್ಲಿದ್ದ ಬಂಡವಾಳ 565 ಡಾಲರ್, ಕೆಲಸಗಾರರು ಐದು ಮಂದಿ.

ಎಲಿಮಿನೇಟರಿನ ಆಯುಸ್ಸು ಹೆಚ್ಚಿಲ್ಲವೆಂಬುದು ಬೇಗನೆ ತಿಳಿಯಿತು. ನೇರವಾಗಿ ಮನೆಯ ವಿದ್ಯುತ್ತಿನಿಂದಲೇ ನಡೆಯುವ ರೇಡಿಯೊಗಳು ಬಂದ ಮೇಲೆ ಅದನ್ನು ಕೊಳ್ಳುವವರು ಕಡಮೆಯಾದರು. ಬೇರೆ ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುವ ರೇಡಿಯೊಗಳನ್ನು ಮಾಡಿಕೊಡುವ ಕೆಲಸವನ್ನು ಗಾಲ್ವಿನ್ ಹಿಡಿದರು. 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ದೊಡ್ಡ ಕಂಪನಿಗಳು ತಮ್ಮ ಗೋದಾಮುಗಳಲ್ಲಿದ್ದ ರೇಡಿಯೊಗಳನ್ನೇ ಕಡಮೆ ಬೆಲೆಗೆ ಸುರಿಯತೊಡಗಿದಾಗ ಚಿಕ್ಕ ತಯಾರಕರ ಕೈ ಕಟ್ಟಿಹೋಯಿತು. ಮೂರನೆಯ ಸೋಲು ಬಾಗಿಲಲ್ಲಿ ನಿಂತಿದ್ದಾಗ ಕಾರ್ ರೇಡಿಯೊದ ಆಲೋಚನೆ ಬಂದಿತು.

ಎಂಜಿನ್ ಸದ್ದಿನ ಸಮಸ್ಯೆ

ಕಾರಿನಲ್ಲಿ ರೇಡಿಯೊ ಕೂಡಿಸುವ ಯತ್ನಗಳು 1920ರ ದಶಕದ ಆದಿಯಿಂದಲೇ ನಡೆದಿದ್ದವು. ಟ್ರಾನ್ಸಿಟೋನ್ ಎಂಬ ಹೆಸರಿನ ಕಾರ್ ರೇಡಿಯೊ ಆ ದಶಕದ ಕೊನೆಯ ವೇಳೆಗೆ ಮಾರಾಟಕ್ಕೂ ಬಂದಿತ್ತು. ಆದರೆ ಇವು ದುಬಾರಿ, ಕೂಡಿಸುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ ಗದ್ದಲ. ಈ ಗದ್ದಲದ ಮೂಲವನ್ನು ಅರಿಯದೆ ಗಾಲ್ವಿನ್ ಅವರ ಸಾಧನೆಯ ತೂಕ ತಿಳಿಯದು.

ಪೆಟ್ರೋಲ್ ಎಂಜಿನ್ನಿನೊಳಗಿನ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಕಿಡಿ ಹೊತ್ತಿಸುವುದು ಸ್ಪಾರ್ಕ್ ಪ್ಲಗ್. ಬ್ಯಾಟರಿಯ ಕೆಲವೇ ವೋಲ್ಟುಗಳನ್ನು ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟುಗಳಿಗೆ ಏರಿಸುತ್ತದೆ; ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಕಿಡಿ ಹಾರುವಾಗಲೆಲ್ಲ ಸುತ್ತ ರೇಡಿಯೊ ಅಲೆಗಳೂ ಹೊಮ್ಮುತ್ತವೆ. ಮಾರ್ಕೋನಿ ಮೊದಲಾದವರು ತಂತಿಯಿಲ್ಲದೆ ಸಂದೇಶ ಕಳುಹಿಸಲು ಬಳಸಿದ್ದೂ ಇಂಥ ಕಿಡಿಯನ್ನೇ. ಅಂದರೆ ಓಡುವ ಪ್ರತಿಯೊಂದು ಕಾರೂ ತನಗರಿವಿಲ್ಲದೆ ಒಂದು ಒರಟು ರೇಡಿಯೊ ಕೇಂದ್ರವೇ ಆಗಿತ್ತು. ನೂರಾರು ಮೈಲಿ ದೂರದ ಕೇಂದ್ರದಿಂದ ಬರುವ ಕ್ಷೀಣ ಅಲೆಯನ್ನು ಹಿಡಿಯಬೇಕಾದ ರೇಡಿಯೊ, ನಾಲ್ಕು ಅಡಿ ದೂರದಲ್ಲಿ ಸಿಡಿಯುವ ಈ ಕಿಡಿಗಳ ಎದುರು ಹಾಡನ್ನು ಕೇಳಿಸುವುದು ಹೇಗೆ? ಆಗಿನ ಪ್ರಸಾರವೆಲ್ಲ ಅಲೆಯ ಎತ್ತರವನ್ನು ಏರಿಳಿಸಿ ಧ್ವನಿಯನ್ನು ಒಯ್ಯುವ ಬಗೆಯದಾಗಿತ್ತು. ಕಿಡಿಯ ಗದ್ದಲವೂ ಆ ಎತ್ತರವನ್ನೇ ಕೆಡಿಸುತ್ತಿದ್ದುದರಿಂದ ಎರಡನ್ನೂ ಬೇರ್ಪಡಿಸುವುದು ರೇಡಿಯೊಗೆ ಆಗುತ್ತಿರಲಿಲ್ಲ.

ಕಿಡಿಯೊಂದೇ ಶತ್ರುವಲ್ಲ. ಬ್ಯಾಟರಿಗೆ ವಿದ್ಯುತ್ ತುಂಬುವ ಡೈನಮೊದಲ್ಲಿ ತಿರುಗುವ ಭಾಗವನ್ನು ಇಂಗಾಲದ ಬ್ರಷ್ಷುಗಳು ಉಜ್ಜುವಾಗ ಸಣ್ಣ ಕಿಡಿಗಳೇಳುತ್ತವೆ. ಅದರ ಫಲ ಸೀಟಿಯಂತಹ ಕೊರೆಯುವ ಧ್ವನಿ. ವೇಗ ಹೆಚ್ಚಿದಂತೆ ಅದರ ಶ್ರುತಿಯೂ ಏರುತ್ತದೆ. ಬಾನೆಟ್ ಮತ್ತು ಮೈಕಟ್ಟಿನ ತಗಡುಗಳು ಒಂದಕ್ಕೊಂದು ಸರಿಯಾಗಿ ಸೇರಿರದಿದ್ದರೆ ಅಲುಗಿದಾಗಲೆಲ್ಲ ಚಟಪಟ ಸದ್ದು. ರಬ್ಬರ್ ಟೈರುಗಳು ಒಣ ರಸ್ತೆಯಲ್ಲಿ ಉರುಳಿ ಚಕ್ರದಲ್ಲಿ ಶೇಖರವಾಗುವ ಸ್ಥಿರವಿದ್ಯುತ್ತಿನದು ಇನ್ನೊಂದು ಬಗೆಯ ಸದ್ದು. ಎಂಜಿನ್ ಆರಿಸಿ ಇಳಿಜಾರಿನಲ್ಲಿ ಬಿಟ್ಟರೂ ಅದು ನಿಲ್ಲುತ್ತಿರಲಿಲ್ಲ.

ಗಾಲ್ವಿನ್ ಈ ಕೆಲಸಕ್ಕೆ ನೆಚ್ಚಿಕೊಂಡ ತರುಣರಲ್ಲಿ ಇಬ್ಬರು ಮುಖ್ಯರು. ಒಬ್ಬರು ಕಾಯಿಲ್ ತಯಾರಿಕೆಯಲ್ಲಿ ನಿಪುಣರಾಗಿದ್ದ ವಿಲಿಯಂ ಲಿಯರ್. ಮುಂದೆ ಲಿಯರ್‌ಜೆಟ್ ಎಂಬ ಸಣ್ಣ ವಿಮಾನದಿಂದ ಜಗತ್ತಿಗೆ ಪರಿಚಿತರಾದವರು ಇವರೇ. ಇನ್ನೊಬ್ಬರು ಎಲ್ಮರ್ ವೇವರಿಂಗ್. ಗೆಳತಿಯರೊಡನೆ ಕಾರಿನಲ್ಲಿ ವಿಹಾರ ಹೋಗಿದ್ದ ಇವರಿಬ್ಬರಿಗೆ, ಸೂರ್ಯಾಸ್ತ ನೋಡುತ್ತಿದ್ದಾಗ ಕಾರಿನಲ್ಲಿ ಸಂಗೀತವಿದ್ದರೆ ಚೆನ್ನ ಎಂಬ ಮಾತಿನಿಂದ ಈ ಯೋಚನೆ ಹೊಳೆಯಿತೆಂಬ ಕಥೆ ಜನಪ್ರಿಯವಾಗಿದೆ. ಕಥೆ ಸೊಗಸಾಗಿದ್ದರೂ ಆ ವೇಳೆಗೆ ಹಲವರು ಇದೇ ಪ್ರಯತ್ನದಲ್ಲಿ ತೊಡಗಿದ್ದುದನ್ನು ಮರೆಯುವಂತಿಲ್ಲ.

ಎಲ್ಲ ಸದ್ದನ್ನೂ ಒಮ್ಮೆಗೇ ಅಡಗಿಸುವ ಒಂದು ಉಪಾಯ ಇರಲಿಲ್ಲ, ಇಂದಿಗೂ ಇಲ್ಲ. ತಂಡದವರು ಒಂದು ಮೂಲವನ್ನು ಗುರುತಿಸಿ ಅದನ್ನು ತಣಿಸಿದ ಮೇಲಷ್ಟೇ ಮುಂದಿನದಕ್ಕೆ ಹೋಗುತ್ತಿದ್ದರು. ಆ ಕಾಲದ ಕಾರ್ ರೇಡಿಯೊ ಕೆಲಸದಲ್ಲಿ ರೂಢಿಗೆ ಬಂದ ಪರಿಹಾರಗಳು ಇಂತಿವೆ. ಸ್ಪಾರ್ಕ್ ಪ್ಲಗ್ಗಿನ ತಂತಿಯಲ್ಲೂ ಡಿಸ್ಟ್ರಿಬ್ಯೂಟರಿನ ನಡುವಿನ ತಂತಿಯಲ್ಲೂ ರೋಧಕವನ್ನು ಸೇರಿಸಿದರೆ ಕಿಡಿಯ ಹಿಂದಿನ ವಿದ್ಯುತ್ತಿನ ತೊಯ್ದಾಟ ಬೇಗ ತಗ್ಗಿ ರೇಡಿಯೊ ಅಲೆ ಕುಗ್ಗುತ್ತದೆ. ಎಂಜಿನ್ನಿನ ಓಟಕ್ಕೆ ಬೇಕಾದ ಕಿಡಿಗೆ ಮಾತ್ರ ಧಕ್ಕೆಯಾಗದು. ಡೈನಮೊದ ಹೊರತಂತಿಗೂ ಕಾರಿನ ಲೋಹದ ಮೈಗೂ ನಡುವೆ ಕಂಡೆನ್ಸರ್ ಕೂಡಿಸಿದರೆ ಬ್ರಷ್ಷಿನ ಗದ್ದಲ ತಂತಿಯಲ್ಲಿ ರೇಡಿಯೊವರೆಗೆ ಹರಿಯದೆ ಲೋಹದ ಮೈಯೊಳಕ್ಕೆ ಇಳಿದುಹೋಗುತ್ತದೆ. ಎಂಜಿನ್, ಬಾನೆಟ್, ಮೈಕಟ್ಟುಗಳನ್ನು ಹೆಣೆದ ತಾಮ್ರದ ಪಟ್ಟಿಗಳಿಂದ ಬೆಸೆಯುತ್ತಿದ್ದರು. ರೇಡಿಯೊವನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ, ಆಂಟೆನಾದಿಂದ ಬರುವ ತಂತಿಗೂ ಲೋಹದ ಜಾಲರಿ ಹೊದಿಸುತ್ತಿದ್ದರು. ಮುಂದಿನ ಚಕ್ರಗಳ ಗುಂಬದಲ್ಲಿ ಅಚ್ಚಿಗೆ ತಾಗುವಂತೆ ಸಣ್ಣ ಸ್ಪ್ರಿಂಗ್ ಇಟ್ಟು ಸ್ಥಿರವಿದ್ಯುತ್ತನ್ನು ಇಳಿಸುವ ರೂಢಿಯೂ ಬಂದಿತು.

ಮೂಲವನ್ನು ಗುರುತಿಸುವುದು ಅಡಗಿಸುವುದಕ್ಕಿಂತ ಕಷ್ಟ. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಟಕಟಕ ಎಂದರೆ ಕಿಡಿಯದು, ಸೀಟಿಯಾದರೆ ಡೈನಮೊದ್ದು ಎಂದು ಕಿವಿಯಿಂದಲೇ ಅರಿಯಬೇಕು. ಆಂಟೆನಾದ ತಂತಿಯನ್ನು ಕಳಚಿದೊಡನೆ ಸದ್ದು ನಿಂತರೆ ಅದು ಗಾಳಿಯಲ್ಲಿ ಬಂದದ್ದು. ಕಳಚಿದರೂ ಉಳಿದರೆ ವಿದ್ಯುತ್ ತಂತಿಯ ಮೂಲಕ ನುಸುಳಿದ್ದು. ಈಗಿನ ಕಾರುಗಳಲ್ಲಿ ಡೈನಮೊದ ಬದಲು ಆಲ್ಟರ್ನೇಟರ್ ಇದೆ, ಪ್ಲಗ್ಗಿನಲ್ಲೇ ರೋಧಕ ಅಡಕವಾಗಿರುತ್ತದೆ. ಆದರೂ ಹೊಸದಾಗಿ ಆಂಪ್ಲಿಫೈಯರ್ ಹಾಕಿಸಿದ ಕಾರಿನಲ್ಲಿ ಸೀಟಿ ಕೇಳಿಸಿದರೆ ಮೆಕ್ಯಾನಿಕ್ಕುಗಳು ಮೊದಲು ನೋಡುವುದು ಲೋಹದ ಮೈಗೆ ಬೆಸೆದ ತಂತಿಯ ಜೋಡಣೆ ಸಡಿಲವೇ, ತುಕ್ಕು ಹಿಡಿದಿದೆಯೇ ಎಂಬುದನ್ನೇ.

ಅಟ್ಲಾಂಟಿಕ್ ಸಿಟಿಯ ಪ್ರದರ್ಶನ

1930ರ ಜೂನ್ ತಿಂಗಳಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಂಘದ ಸಮ್ಮೇಳನ ನಡೆಯಿತು. ಗಾಲ್ವಿನ್ ತಮ್ಮ ಸ್ಟುಡಿಬೇಕರ್ ಕಾರಿನಲ್ಲಿ ಹೊಸ ರೇಡಿಯೊ ಕೂಡಿಸಿಕೊಂಡು ಷಿಕಾಗೊದಿಂದ ಅಲ್ಲಿಗೆ ಹೊರಟರು. ದೂರ ಸುಮಾರು 800 ಮೈಲಿ. ಇದಕ್ಕಿಂತ ಕಠಿಣವಾದ ಪರೀಕ್ಷೆ ಆ ರೇಡಿಯೊಗೆ ಬೇರೊಂದಿರಲಿಲ್ಲ. ಸಮ್ಮೇಳನದಲ್ಲಿ ಮಳಿಗೆ ಹಿಡಿಯಲು ಹಣವಿರಲಿಲ್ಲ. ಆದ್ದರಿಂದ ಕಾರನ್ನು ಹೊರಗೆ ನಿಲ್ಲಿಸಿ, ಧ್ವನಿಯನ್ನು ಏರಿಸಿ, ಬಂದು ಹೋಗುವ ವ್ಯಾಪಾರಿಗಳು ನಿಂತು ಕೇಳುವಂತೆ ಮಾಡಿದರು. ಕಾರ್ಖಾನೆ ಉಸಿರಾಡಲು ಸಾಕಾಗುವಷ್ಟು ಬೇಡಿಕೆಗಳು ಕೈಸೇರಿದವು.

ಈ ಮಾದರಿಯ ಸಂಖ್ಯೆ 5ಟಿ71. ಬೆಲೆ 110ರಿಂದ 130 ಡಾಲರ್. ಆಗ ಹೊಸ ಕಾರೊಂದು 650 ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತಿದ್ದುದನ್ನು ನೆನೆದರೆ ಇದೂ ಅಗ್ಗವೇನಲ್ಲ. ಅದರ ಎದುರಾಳಿಗಳು ಇನ್ನೂ ದುಬಾರಿಯಾಗಿದ್ದವೆಂಬುದಷ್ಟೇ ಸಮಾಧಾನ. ಮೋಟಾರು ಎಂಬ ಪದಕ್ಕೆ, ವಿಕ್ಟ್ರೋಲಾ ಮುಂತಾದ ಗ್ರಾಮಫೋನುಗಳ ಹೆಸರಿನ ಕೊನೆಯಲ್ಲಿದ್ದ ಓಲಾ ಎಂಬ ಬಾಲವನ್ನು ಅಂಟಿಸಿ ಗಾಲ್ವಿನ್ ಇದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟರು.

ರೇಡಿಯೊ ಕೊಂಡರೆ ಮುಗಿಯುತ್ತಿರಲಿಲ್ಲ. ಅದನ್ನು ಕೂಡಿಸಲು ಇಬ್ಬರು ಕೆಲಸಗಾರರಿಗೆ ಹಲವು ದಿನ ಹಿಡಿಯುತ್ತಿತ್ತು. ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಆಂಟೆನಾಕ್ಕಾಗಿ ಚಾವಣಿಯ ಒಳಹೊದಿಕೆ ಕೊಯ್ಯಬೇಕು, ವಾಲ್ವುಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜಿಗಾಗಿ ಕಾರಿನ ನೆಲವನ್ನು ಕೊರೆದು ಪ್ರತ್ಯೇಕ ಬ್ಯಾಟರಿಗಳನ್ನು ಇಡಬೇಕು. ಸಾಲ ಕೊಡಲೆಂದು ಬ್ಯಾಂಕಿನವರೊಬ್ಬರ ಪ್ಯಾಕರ್ಡ್ ಕಾರಿಗೆ ಗಾಲ್ವಿನ್ ರೇಡಿಯೊ ಹಾಕಿಸಿಕೊಟ್ಟರೆಂದೂ, ಸ್ವಲ್ಪ ಹೊತ್ತಿನಲ್ಲೇ ಕಾರಿಗೆ ಬೆಂಕಿ ತಗುಲಿ ಸಾಲವೂ ಕೈತಪ್ಪಿತೆಂದೂ ಹೇಳಲಾಗುತ್ತದೆ.

ಈ ತೊಡಕುಗಳು ಕ್ರಮೇಣ ಸಡಿಲಿದವು. ಕಾರಿನ ಬ್ಯಾಟರಿಯಿಂದಲೇ ಹೆಚ್ಚಿನ ವೋಲ್ಟೇಜ್ ಪಡೆಯುವ ವೈಬ್ರೇಟರ್ ಎಂಬ ಸಾಧನ ಬಂದ ಮೇಲೆ ನೆಲದಡಿಯ ಬ್ಯಾಟರಿಗಳು ಹೋದವು. ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕೂಡಿ ಬಿಡುವ ಅದರ ತುದಿಗಳೇ ಹೊಸ ಗದ್ದಲ ಎಬ್ಬಿಸಿದ್ದರಿಂದ ಅದಕ್ಕೂ ಕಂಡೆನ್ಸರು, ಲೋಹದ ಡಬ್ಬಿ ಬೇಕಾದವು! 1934ರಲ್ಲಿ ಟೈರು ತಯಾರಕರಾದ ಗುಡ್‌ರಿಚ್ ಸಂಸ್ಥೆಯೊಡನೆ ಒಪ್ಪಂದವಾಗಿ ಅವರ ಟೈರು ಅಂಗಡಿಗಳಲ್ಲೇ ರೇಡಿಯೊ ಮಾರಿ ಕೂಡಿಸಿಕೊಡುವ ಏರ್ಪಾಡಾಯಿತು. ಅಷ್ಟು ಹೊತ್ತಿಗೆ ಕೂಡಿಸುವ ಕೂಲಿಯೂ ಸೇರಿ ಬೆಲೆ 55 ಡಾಲರಿಗೆ ಇಳಿದಿತ್ತು.

ಚಾಲಕರ ಗಮನ ರಸ್ತೆಯಿಂದ ಸರಿದು ಅಪಘಾತಗಳಾದಾವೆಂಬ ಭಯದಿಂದ ಅಮೆರಿಕದ ಕೆಲವೆಡೆ ಕಾರ್ ರೇಡಿಯೊವನ್ನು ನಿಷೇಧಿಸುವ ಚರ್ಚೆಯೂ ಆ ವರ್ಷಗಳಲ್ಲಿ ನಡೆಯಿತು. ಮೊಬೈಲಿನ ಬಗ್ಗೆ ಇಂದು ಕೇಳಿಬರುವ ವಾದಗಳಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ.

ಪೊಲೀಸರು ಮತ್ತು ಸೇನೆ

ಓಡುವ ವಾಹನದಲ್ಲಿ ಸ್ಪಷ್ಟ ಧ್ವನಿ ಕೇಳಿಸಬಹುದೆಂದು ಸಿದ್ಧವಾದ ಮೇಲೆ ಅದರ ಪ್ರಯೋಜನ ಸಂಗೀತಕ್ಕೇ ಸೀಮಿತವಾಗಲಿಲ್ಲ. 1936ರಲ್ಲಿ ಗಸ್ತು ವಾಹನಗಳಿಗಾಗಿ ಪೊಲೀಸ್ ಕ್ರೂಸರ್ ಎಂಬ ರೇಡಿಯೊ ಹೊರಬಂದಿತು. ಠಾಣೆಯ ಸಂದೇಶ ಬರುವ ಒಂದೇ ಕಂಪನಾಂಕಕ್ಕೆ ಅದನ್ನು ಮೊದಲೇ ಹೊಂದಿಸಿಡಲಾಗುತ್ತಿತ್ತು. ವಿಳಾಸವೊಂದು ಗದ್ದಲದಲ್ಲಿ ಮುಳುಗಿಹೋದರೆ ಇಲ್ಲಿ ಕೆಡುತ್ತಿದ್ದುದು ಬರೀ ಹಾಡಲ್ಲ. ಎಂಜಿನ್ ಸದ್ದನ್ನು ತಣಿಸುವ ವಿದ್ಯೆಗೆ ಇಲ್ಲಿ ನಿಜವಾದ ಬೆಲೆ ಬಂದಿತು.

ಅದೇ ವರ್ಷ ಕುಟುಂಬದೊಡನೆ ಯುರೋಪ್ ಪ್ರವಾಸ ಮಾಡಿದ ಗಾಲ್ವಿನ್ ಯುದ್ಧ ಸನ್ನಿಹಿತವೆಂಬ ನಂಬಿಕೆಯಿಂದ ಮರಳಿದರು. 1940ರಲ್ಲಿ ಸೈನಿಕರು ಕೈಯಲ್ಲೇ ಹಿಡಿದು ಮಾತನಾಡಬಲ್ಲ ಹ್ಯಾಂಡಿ-ಟಾಕಿ ಸಿದ್ಧವಾಯಿತು. ತೂಕ ಸುಮಾರು 5 ಪೌಂಡ್. ಅದೇ ವರ್ಷ ಸಂಸ್ಥೆಗೆ ಸೇರಿದ ಡೇನಿಯಲ್ ನೋಬಲ್ ಎಂಬ ಪ್ರಾಧ್ಯಾಪಕರು ಎಫ್ಎಂ ಪದ್ಧತಿಯಲ್ಲಿ ತಜ್ಞರು. ಅಲೆಯ ಎತ್ತರದ ಬದಲು ಅದರ ಕಂಪನಾಂಕವನ್ನೇ ಏರಿಳಿಸಿ ಧ್ವನಿ ಒಯ್ಯುವ ಈ ಪದ್ಧತಿಗೆ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದಿದ್ದರು. ಕಿಡಿಯ ಗದ್ದಲ ಇಲ್ಲಿ ಹೆಚ್ಚು ತಾಗದು. ನೋಬಲ್ ನೇತೃತ್ವದಲ್ಲಿ 1943ರಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಎಫ್ಎಂ ವಾಕಿ-ಟಾಕಿ ಬಂದಿತು. ಸುಮಾರು 35 ಪೌಂಡ್ ತೂಗುತ್ತಿದ್ದ ಇದು ಎರಡನೆಯ ಮಹಾಯುದ್ಧದ ರಣರಂಗಗಳಲ್ಲಿ ಬಳಕೆಯಾಯಿತು.

ಈ ವರ್ಷಗಳು ಗಾಲ್ವಿನ್ ಅವರ ಮನೆಯಲ್ಲಿ ಶೋಕದವು. 1942ರ ಅಕ್ಟೋಬರಿನಲ್ಲಿ ಎವನ್‌ಸ್ಟನ್‌ನ ಮನೆಯಲ್ಲಿ ಪತ್ನಿ ಲಿಲಿಯನ್ ಮತ್ತು ಮನೆಗೆಲಸದಾಕೆ ಕೊಲೆಯಾದರು. ಪ್ರಕರಣ ಬಗೆಹರಿಯಲಿಲ್ಲ. 1944ರಲ್ಲಿ ಸೋದರ ಜೋಸೆಫ್ ತೀರಿಕೊಂಡರು. ಮರುವರ್ಷ ಗಾಲ್ವಿನ್ ವರ್ಜೀನಿಯಾ ಅವರನ್ನು ಮದುವೆಯಾದರು.

ನಂತರದ ವರ್ಷಗಳು

1947ರಲ್ಲಿ ಸಂಸ್ಥೆ ತನ್ನ ಸರಕಿನ ಹೆಸರನ್ನೇ ತಾನೂ ಇಟ್ಟುಕೊಂಡು ಮೋಟೊರೋಲಾ ಎನಿಸಿಕೊಂಡಿತು. ಅದೇ ವರ್ಷ ನೌಕರರಿಗೆ ಲಾಭದಲ್ಲಿ ಪಾಲು ನೀಡುವ ಯೋಜನೆ ಜಾರಿಯಾಯಿತು. 200 ಡಾಲರಿಗಿಂತ ಕಡಮೆ ಬೆಲೆಯ ಟೆಲಿವಿಷನ್ ಸೆಟ್ಟೊಂದನ್ನೂ ಹೊರತಂದು ಗಾಲ್ವಿನ್ ಪೇಟೆಯನ್ನು ಬೆರಗುಗೊಳಿಸಿದರು. 1949ರಲ್ಲಿ ನೋಬಲ್ ಸಲಹೆಯಂತೆ ಅರಿಜೋನಾದ ಫೀನಿಕ್ಸ್‌ನಲ್ಲಿ ಸಂಶೋಧನಾಲಯ ತೆರೆಯಲಾಯಿತು. ಅರೆವಾಹಕಗಳ ಸಂಶೋಧನೆಯಿಂದ 1950ರ ದಶಕದ ನಡುವೆ ಬಂದ ಹೆಚ್ಚು ಶಕ್ತಿಯ ಟ್ರಾನ್ಸಿಸ್ಟರುಗಳು ಕಾರ್ ರೇಡಿಯೊದೊಳಗೆ ಸೇರಿದವು. ವಾಲ್ವುಗಳೊಡನೆ ವೈಬ್ರೇಟರೂ, ಅದರ ಗುಂಯ್‌ಗುಡುವಿಕೆಯೂ ಇಲ್ಲವಾದವು. ವೇವರಿಂಗ್ ಸಂಸ್ಥೆಯಲ್ಲೇ ಮುಂದುವರಿದು ಕಾರಿನ ಆಲ್ಟರ್ನೇಟರನ್ನು ರೂಪಿಸುವ ಕೆಲಸದಲ್ಲಿ ಮುಂದಾಳಾದರು.

1956ರಲ್ಲಿ ಮಗ ರಾಬರ್ಟ್ ಸಂಸ್ಥೆಯ ಅಧ್ಯಕ್ಷರಾದರು. ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಪಾಲ್ ಗಾಲ್ವಿನ್ 1959ರ ನವೆಂಬರ್ 5ರಂದು ಎವನ್‌ಸ್ಟನ್‌ನಲ್ಲಿ ನಿಧನರಾದರು.

ಅವರ ಕಾಲಾನಂತರ ಸಂಸ್ಥೆ ಹೆಚ್ಚಾಗಿ ಮೊಬೈಲ್ ಫೋನುಗಳಿಂದ ಹೆಸರಾಯಿತು. 1973ರಲ್ಲಿ ಕೈಯಲ್ಲಿ ಹಿಡಿಯುವ ಫೋನಿನ ಮೊದಲ ಕರೆ ಮಾಡಿದ ಮಾರ್ಟಿನ್ ಕೂಪರ್ ಇದರ ಎಂಜಿನಿಯರ್. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ತೆರೆದ ಮೋಟೊರೋಲಾ ತಂತ್ರಾಂಶ ಕೇಂದ್ರ ನಗರದ ಆರಂಭಿಕ ಬಹುರಾಷ್ಟ್ರೀಯ ತಂತ್ರಾಂಶ ಕೇಂದ್ರಗಳಲ್ಲೊಂದು. ಅದೇ ದಶಕದಲ್ಲಿ ಗಾಲ್ವಿನ್ ಅವರ ಹುಟ್ಟೂರಾದ ಹಾರ್ವರ್ಡ್‌ನಲ್ಲಿ ಸಂಸ್ಥೆ ಭಾರಿ ಫೋನ್ ಕಾರ್ಖಾನೆ ಕಟ್ಟಿತಾದರೂ 2003ರಲ್ಲಿ ಅದು ಮುಚ್ಚಿತು. 2011ರಲ್ಲಿ ಸಂಸ್ಥೆ ಎರಡಾಗಿ ಒಡೆಯಿತು. ಫೋನಿನ ಭಾಗ ಮೊದಲು ಗೂಗಲ್‌ಗೂ ಅನಂತರ ಲೆನೊವೊಗೂ ಸೇರಿತು. ಪೊಲೀಸ್ ಮತ್ತು ತುರ್ತು ಸೇವೆಗಳ ರೇಡಿಯೊ ಮಾಡುವ ಭಾಗ ಮೋಟೊರೋಲಾ ಸಲ್ಯೂಷನ್ಸ್ ಎಂಬ ಹೆಸರಿನಲ್ಲಿ ಷಿಕಾಗೊದಿಂದಲೇ ನಡೆಯುತ್ತಿದೆ. ಅದೇ ನಗರದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಗ್ರಂಥಾಲಯಕ್ಕೆ ಪಾಲ್ ಗಾಲ್ವಿನ್ ಅವರ ಹೆಸರಿಡಲಾಗಿದೆ.